ಎದೆಗೆ ಕಟ್ಟಿದ ಬೆನ್ನುಚೀಲ

ನನ್ನನ್ನು ಹೊಲಿದದ್ದು ಬೆನ್ನಿಗೆ ಹಾಕಿಕೊಳ್ಳಲೆಂದು. ಬೂದು ಬಣ್ಣದ ದಪ್ಪ ಬಟ್ಟೆ, ಹೆಗಲಿಗೆ ಎರಡು ಪಟ್ಟಿ, ಸೊಂಟಕ್ಕೊಂದು ಬಕಲ್ಲು, ಒಳಗೂ ಹೊರಗೂ ಬೇಕಾದಷ್ಟು ಜೇಬು. ನಾನು ಹುಟ್ಟಿದ್ದು ವಿಯೆಟ್ನಾಂ ದೇಶದ ಸೈಗಾನ್ ಪಟ್ಟಣದ ಹೊರಗಿನ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಒಬ್ಬಳು ಪಟ್ಟಿ ಹೊಲಿದು ಪಕ್ಕದವಳ ಕಡೆಗೆ ತಳ್ಳುತ್ತಿದ್ದಳು, ಅವಳು ಜಿಪ್ಪು ಕೂರಿಸಿ ಇನ್ನೊಬ್ಬಳ ಕಡೆಗೆ ತಳ್ಳುತ್ತಿದ್ದಳು. ನಿನ್ನ ತಾಯಿ ಯಾರು ಎಂದು ಕೇಳಿದರೆ ನಾನು ಏನು ಹೇಳಲಿ? ರಟ್ಟಿನ ಪೆಟ್ಟಿಗೆಯೊಳಗೆ ಹೋಗುವವರೆಗೆ ಆ ಊರಿನ ಒಂದು ಬೀದಿಯನ್ನೂ ನಾನು ನೋಡಿರಲಿಲ್ಲ.

ಹಡಗು, ಲಾರಿ, ಗೋದಾಮು ಎಲ್ಲ ದಾಟಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ನೇತಾಡಿದೆ. ನನ್ನನ್ನು ಕೊಂಡವನು ಮಧುಕೇಶ್ವರ, ದಾವಣಗೆರೆಯ ಪಾಲಿಟೆಕ್ನಿಕ್ಕಿನ ಮೇಷ್ಟ್ರು. ಒಳ್ಳೆಯ ಮನುಷ್ಯ. ನನ್ನನ್ನು ಎಂದೂ ನೆಲಕ್ಕೆ ಎಸೆದವನಲ್ಲ. ಎರಡು ಬೆಟ್ಟ ಹತ್ತಿಸಿದ. ಅಷ್ಟರಲ್ಲಿ ಚಿತ್ರದುರ್ಗದ ಸುಚಿತ್ರಾ ಜೊತೆ ಅವನ ಮದುವೆ ಗೊತ್ತಾಯಿತು. ಅವಳು ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಗೆಳತಿಯರೊಂದಿಗೆ ಚಾರಣಕ್ಕೆ ಹೊರಟಾಗ ಅವನು ನನ್ನನ್ನು ಅವಳಿಗೆ ಕೊಟ್ಟ. ಹಾಗೆ ನಾನು ಅವಳ ಕೋಣೆಯ ಬಾಗಿಲ ಹಿಂದೆ ಉಳಿದುಬಿಟ್ಟೆ.

ಆ ಕೋಣೆಯಲ್ಲೇ ಒಂದು ಸಂಜೆ ಅವಳು ಫೋನಿನಲ್ಲಿ, "ನನ್ನಿಂದ ಆಗಲ್ಲ ಮಧು, ಕ್ಷಮಿಸು" ಎಂದದ್ದನ್ನು ಕೇಳಿದೆ. ಆ ಕಡೆಯಿಂದ ಬೈಗುಳ ಬರಲಿಲ್ಲ. ಅವಳು ಫೋನಿಟ್ಟು, ನನ್ನ ಪಟ್ಟಿಯನ್ನು ಸುಮ್ಮನೆ ಬಿಗಿ ಮಾಡುತ್ತಾ ಸಡಿಲ ಮಾಡುತ್ತಾ ಕೂತಳು. ತನಗೆ ಬೇಕಾದದ್ದನ್ನೇ ಹೇಳಿದ ಮೇಲೆ ಅಳುವುದೇಕೆ? ನನಗೆ ತಿಳಿಯಲಿಲ್ಲ.

ಹೊರಗಿನ ಹಜಾರದಲ್ಲಿ ಅವಳ ಅಪ್ಪ ತಿಪ್ಪೇಸ್ವಾಮಿ ಟಿವಿ ನೋಡುತ್ತಿದ್ದ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ. ಮಧು ಎಂದರೆ ಅವನಿಗೆ ಪ್ರಾಣ. ಮಗಳು ಬಾಗಿಲಿನವರೆಗೆ ಹೋಗಿ ವಾಪಸು ಬಂದಳು. ಮರುದಿನವೂ ಹಾಗೆಯೇ. ನೆಂಟರಿಷ್ಟರಿಲ್ಲದ ಕಡೆ ಹೇಳಿದರೆ ಸುಲಭವಾದೀತು ಅಂದುಕೊಂಡಳೋ ಏನೋ, "ಅಪ್ಪಾಜಿ, ಜೀವನವೆಲ್ಲಾ ಬೇರೆಯೋರನ್ನ ಊರು ಸುತ್ತಿಸಿದ್ದೀಯ, ಬಾ, ಒಂದು ದೇಶ ನೋಡ್ಕೊಂಡು ಬರೋಣ" ಎಂದಳು. ಬೆಂಗಳೂರಿನಿಂದ ನೇರ ವಿಮಾನವಿದೆಯೆಂದು ಅವಳು ಆರಿಸಿದ್ದು ಸೈಗಾನನ್ನು.

ಹೀಗೆ ನಾನು ಹುಟ್ಟಿದೂರಿಗೆ ಬಂದಿಳಿದೆ. ಆದರೆ ಇದು ನನ್ನೂರು ಎಂಬ ಗುರುತೇ ಸಿಗಲಿಲ್ಲ. ಬೀದಿ ತುಂಬ ಮೋಟರ್ ಬೈಕು. ಒಂದು ಬೈಕಿನ ಮೇಲೆ ಫ್ರಿಜ್ಜು ಹೋಗುತ್ತಿತ್ತು, ಇನ್ನೊಂದರ ಮೇಲೆ ಅಪ್ಪ, ಅಮ್ಮ, ಎರಡು ಮಕ್ಕಳು, ಒಂದು ನಾಯಿ. ಕೆಲವು ಬೈಕು ಫುಟ್‌ಪಾತಿನ ಮೇಲೂ ಹತ್ತಿ ಬರುತ್ತಿದ್ದವು. ಅಲ್ಲೇ ಪಕ್ಕದಲ್ಲಿ ಜನ ಗೇಣೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನೆಮ್ಮದಿಯಾಗಿ ಸೂಪು ಕುಡಿಯುತ್ತಿದ್ದರು.

"ಏನ್ ಮಗ ಇದು, ಒಬ್ಬನಾದ್ರೂ ಬ್ರೇಕ್ ಹಾಕ್ತಾನಾ?" ಎಂದ ತಿಪ್ಪೇಸ್ವಾಮಿ. ಆಮೇಲೆ, "ಆದ್ರೆ ಒಬ್ಬರಿಗೊಬ್ಬರು ಬೈತಿಲ್ಲ ನೋಡು" ಎಂದೂ ಸೇರಿಸಿದ.

ಅವನಿಗೆ ಊರು ಇಷ್ಟವಾಯಿತೋ ಇಲ್ಲವೋ ನನಗಂತೂ ಗೊತ್ತಾಗಲಿಲ್ಲ. ನೂಡಲ್ಸಿನ ಜೊತೆ ತಟ್ಟೆ ತುಂಬ ಹಸಿ ಸೊಪ್ಪು ಬಂದಾಗ, "ನನ್ನೇನು ಮೇಕೆ ಅಂದ್ಕೊಂಡ್ರಾ?" ಎಂದು ಮುಖ ಸಿಂಡರಿಸಿ, ಕೊನೆಗೆ ಒಂದೆಲೆಯನ್ನೂ ಬಿಡದೆ ತಿಂದ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡ. ಗಟ್ಟಿ ಸಿಹಿ ಹಾಲಿನ ಮೇಲೆ ಹನಿಹನಿಯಾಗಿ ಇಳಿಯುವ ಕರಿ ಕಾಫಿಗೆ ಮನಸೋತ. ನಾವಿದ್ದ ಪ್ರವಾಸಿಗರ ಹಾಸ್ಟೆಲ್ಲಿನ ಕೆಳಗೆ ಹಾಡಿನ ಗದ್ದಲ ಶುರುವಾದರೆ ಗೋಡೆಯೇ ನಡುಗುತ್ತಿತ್ತು. ಆ ಗದ್ದಲದಲ್ಲೇ ಸುಚಿತ್ರಾ, "ಅಪ್ಪಾಜಿ, ಒಂದು ವಿಷ್ಯ" ಎಂದು ಬಾಯಿ ತೆರೆದರೆ ಅವನು ಕಿವಿಗೆ ಕೈಯಿಟ್ಟು "ಏನು?" ಎನ್ನುತ್ತಿದ್ದ. "ಏನಿಲ್ಲ" ಎಂದುಬಿಡುತ್ತಿದ್ದಳು.

ಬೆನ್ನಿಗಿದ್ದರೆ ಕಳ್ಳರು ಜಿಪ್ಪು ಬಿಚ್ಚುತ್ತಾರೆ, ಎದೆಗೆ ಹಾಕಿಕೊಳ್ಳಿ ಎಂದು ಹಾಸ್ಟೆಲ್ಲಿನವರು ಹೇಳಿದ್ದರು. ಪಾಸ್‌ಪೋರ್ಟುಗಳೆಲ್ಲ ನನ್ನೊಳಗೇ ಇದ್ದವು. ತಿಪ್ಪೇಸ್ವಾಮಿ ನನ್ನನ್ನು ಎದೆಗೆ ಕಟ್ಟಿಕೊಂಡು ಎರಡೂ ಕೈಯಿಂದ ಅಪ್ಪಿಕೊಂಡೇ ನಡೆಯುತ್ತಿದ್ದ. ಅವನ ಎದೆಬಡಿತ ನನಗೆ ಕೇಳಿಸುತ್ತಿತ್ತು. ಯಾರ ಬೆನ್ನಿನಲ್ಲೂ ಕೇಳದ ಸದ್ದು ಅದು.

ಮೂರನೆಯ ದಿನ ಮಾರುಕಟ್ಟೆಗೆ ಹೊರಟೆವು. ದೊಡ್ಡ ರಸ್ತೆಯ ಅಂಚಿನಲ್ಲಿ ಸುಚಿತ್ರಾ ಫೋನಿನಲ್ಲಿ ದಾರಿ ನೋಡುತ್ತಿದ್ದಳು.

"ಮದುವೆ ಆದ್ಮೇಲೆ ಮಧು ಜೊತೆ ಇನ್ನೊಂದ್ಸಲ ಬಾ ಮಗ. ಅವನಿಗೆ ಈ ಕಾಫಿ ಕುಡಿಸ್ಬೇಕು" ಎಂದ ಅಪ್ಪ.

ಅವಳು ತಲೆ ಎತ್ತಿದಳು. ಆ ಕ್ಷಣಕ್ಕೇ ಒಂದು ಬೈಕು ಅಂಚಿಗೆ ಉಜ್ಜಿಕೊಂಡಂತೆ ಬಂತು. ಹಿಂದೆ ಕೂತವನು ಕೈಚಾಚಿದ. ಫೋನು ಮಾಯ. ಸುಚಿತ್ರಾ ಕಿರುಚುತ್ತಾ ಬೈಕಿನ ಹಿಂದೆ ಓಡಿದಳು, ಯಾವ ಧೈರ್ಯದಲ್ಲೋ ರಸ್ತೆಗೇ ನುಗ್ಗಿ ಆಚೆ ದಾಟಿ ಕಣ್ಮರೆಯಾದಳು.

"ಸುಚ್ಚೀ!" ಎಂದು ಕೂಗಿದ ತಿಪ್ಪೇಸ್ವಾಮಿ ಒಂದು ಕಾಲು ಕೆಳಗಿಟ್ಟ, ಹಿಂದಕ್ಕೆ ಎಳೆದುಕೊಂಡ. ಮತ್ತೆ ಇಟ್ಟ, ಮತ್ತೆ ಎಳೆದುಕೊಂಡ. ಘಾಟಿಯ ತಿರುವುಗಳಲ್ಲಿ ಬಸ್ಸು ಇಳಿಸಿದ ಮನುಷ್ಯ ಒಂದು ರಸ್ತೆ ದಾಟಲಾಗದೆ ನಿಂತ. ನನ್ನ ಕಿವಿಯಲ್ಲಿ ಅವನ ಎದೆ ಡೋಲಿನಂತೆ ಹೊಡೆದುಕೊಳ್ಳುತ್ತಿತ್ತು.

ಪಕ್ಕದಲ್ಲಿ ಕಬ್ಬಿನ ಹಾಲು ಮಾರುವ ಮುದುಕಿಯೊಬ್ಬಳಿದ್ದಳು. ಅವಳು ಏನೋ ಕೇಳಿದಳು. ಅವನು ಕನ್ನಡದಲ್ಲಿ, "ನನ್ನ ಮಗಳಮ್ಮಾ, ಆ ಕಡೆ ಓಡಿದ್ಲು" ಎಂದ. ಅವಳು ಬಂದು ಅವನ ಮುಂಗೈ ಹಿಡಿದಳು, ರಸ್ತೆಗೆ ಇಳಿದೇಬಿಟ್ಟಳು. ಓಡಲಿಲ್ಲ, ನಿಲ್ಲಲೂ ಇಲ್ಲ. ನಿಧಾನ ನಡೆದಳು. ಬೈಕುಗಳು ನಮ್ಮ ಎರಡೂ ಬದಿಯಿಂದ ಹರಿದುಹೋದವು. ಆಚೆ ದಡ ಸೇರಿದ ಮೇಲೆ ಅವನ ಬೆವತ ಮುಖ ನೋಡಿ ನಕ್ಕಳು. ಅಲ್ಲಿದ್ದವರೂ ನಕ್ಕರು. ಕನಿಕರದ ನಗುವೋ, ಗೇಲಿಯ ನಗುವೋ? ಫೋನು ಕಿತ್ತ ಕೈಯೂ ಈ ಊರಿನದೇ, ಮುಂಗೈ ಹಿಡಿದ ಕೈಯೂ ಈ ಊರಿನದೇ. ಇವರ ನಡುವೆ ಹುಟ್ಟಿದ ನನಗೇ ಇವರು ಅರ್ಥವಾಗಲಿಲ್ಲ.

ಆಚೆ ಸುಚಿತ್ರಾ ಇರಲಿಲ್ಲ. ಅವನು ಎರಡು ಗಲ್ಲಿ ಹುಡುಕಿ ಮತ್ತೆ ಅಲ್ಲಿಗೇ ಬಂದು ಫುಟ್‌ಪಾತಿನ ಮೇಲೆ ಕುಸಿದು ಕೂತ. ಫೋನಿಲ್ಲದ ಮಗಳು, ಭಾಷೆ ಬಾರದ ಅಪ್ಪ. "ದೇವರೇ, ದೇವರೇ" ಎನ್ನುತ್ತಾ ನನ್ನನ್ನು ಹಿಸುಕಿದ.

ಎಷ್ಟೋ ಹೊತ್ತಾದ ಮೇಲೆ ತಲೆ ಎತ್ತಿದರೆ, ನಾವು ಮೊದಲು ನಿಂತಿದ್ದ ಕಡೆ ಅವಳು ನಿಂತಿದ್ದಳು! ಬೇರೆ ದಾರಿಯಿಂದ ಸುತ್ತಿ ಬಂದು, ಅಪ್ಪ ಕಾಣದೆ, ದಿಕ್ಕೆಟ್ಟು ಅತ್ತಿತ್ತ ನೋಡುತ್ತಿದ್ದಳು. ಅವನು ಎದ್ದವನೇ ನಡೆದುಬಿಟ್ಟ, ಯಾರ ಕೈಯನ್ನೂ ಹಿಡಿಯದೆ. ಅವಳೂ ಈ ಕಡೆಗೆ ಇಳಿದಳು. ಇಬ್ಬರೂ ನಡುರಸ್ತೆಯಲ್ಲಿ ಸಿಕ್ಕರು. ಅವಳು ಬಂದು ಅಪ್ಪಿದಾಗ ನಾನು ಇಬ್ಬರ ನಡುವೆ ಸಿಕ್ಕಿಕೊಂಡೆ.

"ಎಲ್ಲಿ ಹೋಗಿದ್ದೆ ಕಣೇ?"

"ಅಪ್ಪಾಜಿ, ನಾನು ಮಧುನ ಮದುವೆ ಆಗಲ್ಲ."

"ಏನು?"

"ಆಗಲ್ಲ ಅಂದೆ!" ಅವಳು ಕೂಗಿಯೇ ಹೇಳಿದಳು. ಬೈಕುಗಳು ಹಾರ್ನ್ ಹೊಡೆಯುತ್ತಾ ಸುತ್ತು ಬಳಸಿ ಹೋಗುತ್ತಿದ್ದವು.

ಅವನು ಅವಳ ಕೈ ಹಿಡಿದು ದಡಕ್ಕೆ ಬಂದ. ಕಾಫಿ ಅಂಗಡಿಯ ಸ್ಟೂಲಿನ ಮೇಲೆ ಕೂತು, ಕಾಫಿ ತರಿಸಿ ಕೇಳಿದ.

"ಅವನೇನಾದ್ರೂ ಅಂದ್ನಾ?"

"ಇಲ್ಲ. ಒಳ್ಳೆಯವನು."

"ಒಳ್ಳೆಯವನು ಅಂದ್ಮೇಲೆ ಮತ್ತೇನು?"

"ಗೊತ್ತಿಲ್ಲ ಅಪ್ಪಾಜಿ. ಅವನ ಜೊತೆ ಮಾತಾಡ್ತಾ ಕೂತ್ರೆ ಯಾವಾಗ ಎದ್ದು ಹೋಗ್ತೀನೋ ಅನ್ಸುತ್ತೆ. ಯಾಕೆ ಅಂತ ನಂಗೂ ಗೊತ್ತಿಲ್ಲ."

"ಅವನಿಗೆ ಹೇಳಿದ್ದೀಯಾ?"

"ಹೇಳಿ ಬಹಳ ದಿನ ಆಯ್ತು."

ತಿಪ್ಪೇಸ್ವಾಮಿಯ ಮುಖ ಸಣ್ಣದಾಯಿತು. "ಎಲ್ಲರಿಗೂ ಗೊತ್ತು. ನನಗೊಬ್ಬನಿಗೇ ಗೊತ್ತಿಲ್ಲ. ಅಷ್ಟು ಕೆಟ್ಟವನೇನಮ್ಮಾ ನಾನು?"

"ನಿಂಗೆ ಅವನು ಅಂದ್ರೆ ಅಷ್ಟು ಇಷ್ಟ. ಅದಕ್ಕೇ ಭಯ ಆಯ್ತು."

ಅವನು ನನ್ನ ಕಡೆ ನೋಡಿದ. "ಈ ಬ್ಯಾಗು?"

"ಅವನದೇ."

ಅವನು ಬಕಲ್ಲು ಬಿಚ್ಚಿ ನನ್ನನ್ನು ಸ್ಟೂಲಿನ ಮೇಲಿಟ್ಟ, ಸ್ವಲ್ಪ ಹೊತ್ತು ದಿಟ್ಟಿಸಿದ. ಆಮೇಲೆ ಮತ್ತೆ ಎದೆಗೆ ಕಟ್ಟಿಕೊಂಡ. ತನ್ನ ಕಾಫಿಯನ್ನು ಮಗಳ ಮುಂದೆ ಸರಿಸಿ, "ಕುಡಿ, ತಣ್ಣಗಾಗುತ್ತೆ" ಎಂದ. ಅದು ಮಂಜುಗಡ್ಡೆ ಹಾಕಿದ ಕಾಫಿ.

ಊರಿಗೆ ಬಂದ ಮೇಲೆ ಛತ್ರ ಬೇಡವೆಂದು ಹೇಳುವುದು, ನೆಂಟರ ಬಾಯಿ ಮುಚ್ಚಿಸುವುದು ಎಲ್ಲವನ್ನೂ ತಿಪ್ಪೇಸ್ವಾಮಿಯೇ ಮಾಡಿದ. ಮಗಳನ್ನು ಮುಂದೆ ಬಿಡಲಿಲ್ಲ. ಒಂದು ಭಾನುವಾರ ನನ್ನನ್ನು ಒಗೆದು ಒಣಗಿಸಿ, ದಾವಣಗೆರೆಗೆ ಹೋಗಿ ಮಧುವಿನ ಮನೆ ಬಾಗಿಲು ತಟ್ಟಿದ.

"ನಿನ್ನ ಬ್ಯಾಗು" ಎಂದ.

"ಒಳಗೆ ಬನ್ನಿ ಮಾವ" ಎಂದ ಮಧು. ಬಾಯಿತಪ್ಪಿ ಹಳೆಯ ಪದವೇ ಬಂದಿತ್ತು. ಇಬ್ಬರೂ ಕೂತರು.

"ಊರು ಹೆಂಗಿತ್ತು?" ಎಂದು ಮಧು ಕೇಳಿದ.

"ಗೊತ್ತಾಗ್ಲಿಲ್ಲ ಕಣಪ್ಪ. ಚೆನ್ನಾಗಿತ್ತು. ಭಯ ಆಯ್ತು. ಅಳು ಕೂಡ ಬಂತು." ತಿಪ್ಪೇಸ್ವಾಮಿ ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ನೀನು ಸಿಟ್ಟು ಮಾಡ್ಕೊಂಡಿದ್ರೆ ನನಗೆ ಸಲೀಸಾಗ್ತಿತ್ತು."

"ಮಾಡ್ಕೊಳ್ಳೋಕೆ ನೋಡಿದೆ. ಬರ್ಲಿಲ್ಲ" ಎಂದ ಮಧು.

ಅದಾಗಿ ವರ್ಷಗಳೇ ಕಳೆದವು. ನನ್ನ ಜಿಪ್ಪಿನ ಹಲ್ಲು ಉದುರಿವೆ, ಪಟ್ಟಿಯ ಹತ್ತಿ ಹೊರಬಂದಿದೆ. ಮಧುವಿನ ಮನೆಯ ಹಜಾರದ ಅಟ್ಟದ ಮೇಲೆ, ಹಳೆಯ ಸ್ವೆಟರುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೇನೆ. ಸುಚಿತ್ರಾ ಈಗ ಶಿವಮೊಗ್ಗದಲ್ಲಿ ಒಂದು ಲ್ಯಾಬು ನಡೆಸುತ್ತಾಳಂತೆ. ಮದುವೆಯಾಗಿಲ್ಲ. ಸುಖವಾಗಿದ್ದಾಳೋ ಇಲ್ಲವೋ, ಅಪ್ಪನ ಮಾತಿನಿಂದ ನನಗೆ ತಿಳಿಯದು. ಒಮ್ಮೊಮ್ಮೆ ಹೌದೆನ್ನಿಸುತ್ತದೆ, ಒಮ್ಮೊಮ್ಮೆ ಅಲ್ಲವೆನ್ನಿಸುತ್ತದೆ. ಜನರ ಜೊತೆ ಇಷ್ಟು ಕಾಲ ಇದ್ದೂ ಅವರನ್ನು ನಾನು ಓದಲು ಕಲಿಯಲಿಲ್ಲ. ಮೊದಮೊದಲು ಇದರಿಂದ ಬೇಸರವಾಗುತ್ತಿತ್ತು. ಈಗ ಆಗುವುದಿಲ್ಲ. ಅವರಿಗೂ ತಮ್ಮನ್ನು ಓದಲು ಬಂದಂತಿಲ್ಲ.

ಹೌದು, ತಿಪ್ಪೇಸ್ವಾಮಿ ಇಲ್ಲಿಗೆ ಬರುತ್ತಲೇ ಇರುತ್ತಾನೆ. ಯಾವುದೋ ಕೆಲಸವಿತ್ತು ಎನ್ನುತ್ತಾ ಬಂದು, ಮಧು ಜೊತೆ ಪೇಪರು ಓದಿ, ಸಂಜೆಯ ಬಸ್ಸಿಗೆ ಹೋಗುತ್ತಾನೆ. ಮೊನ್ನೆಯೂ ಬಂದಿದ್ದ. ಮಧುವಿನ ಹೆಂಡತಿ ಜಯಶೀಲಾ ಅಡುಗೆಮನೆಯ ಬಾಗಿಲಿಗೆ ಗಂಡನನ್ನು ಕರೆದು ಮೆಲ್ಲಗೆ ಕೇಳಿದಳು:

"ಪಕ್ಕದ ಮನೆಯೋರು ಕೇಳ್ತಿದಾರೆ. ಇವರು ನಮಗೆ ಏನಾಗ್ಬೇಕು ಅಂತ ಹೇಳ್ಲಿ?"

ಮಧು ಹಜಾರದಲ್ಲಿ ಪೇಪರು ಓದುತ್ತಿದ್ದ ತಿಪ್ಪೇಸ್ವಾಮಿಯ ಕಡೆ ತಿರುಗಿ ನೋಡಿದ.

"ಗೊತ್ತಿಲ್ಲ ಕಣೇ" ಎಂದ. "ಅವರ ಕಾಫಿಗೆ ಒಂಚೂರು ಸಕ್ಕರೆ ಜಾಸ್ತಿ ಹಾಕು."