ಸರ್ಕಾರದ ಬಾಯಿ

ಕೂಗಿ ಕೂಗಿ ಸಾತಪ್ಪನ ಗಂಟಲು ಹರಿದಿತ್ತು. ಉಗುಳಿದರೆ ರಕ್ತ ಬರುತ್ತಿತ್ತು. ಆದರೂ ಬಡಿಯುವ ಹಲಗೆ ಹೆಗಲಿಗೆ ಹಾಕಿಕೊಂಡು ಖಾನಾಪುರದಲ್ಲಿ ಬಿಳಿ ಸಾಹೇಬರ ಬಂಗಲೆಯ ಮುಂದೆ ಬಿಸಿಲಲ್ಲಿ ನಿಂತಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಸರ್ಕಾರದ ಡಂಗುರ ಸಾರುವುದು ಅವನ ಕೆಲಸ.

ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತವನು ದಿಗಂಬರರಾಯ. ಬೆಳಗಾವಿಯಲ್ಲಿ ಮೆಟ್ರಿಕ್ ಮುಗಿಸಿದವನು. ಸಾಹೇಬರ ಇಂಗ್ಲಿಷ್ ಹುಕುಮನ್ನು ಕನ್ನಡ, ಮರಾಠಿಗೆ ತಿರುಗಿಸಿ ಜನರಿಗೆ ತಿಳಿಹೇಳುವ ಹೊಸ ನೌಕರಿ ಅವನದು. ಅದರಲ್ಲೇ ಮೇಲೇರಿ ಪುಣೆ ಮುಟ್ಟಬೇಕೆಂಬ ಹಂಬಲ.

"ಜಂಗಲಿಗೆ ಸರ್ಕಾರ ಕಾವಲು ಹಾಕ್ತದ. ಅದು ನಿಮ್ಮ ಹಿತಕ್ಕ. ಕುರಿ ಮೇಸಲಿಕ್ಕೆ ಅಡ್ಡಿ ಇಲ್ಲ. ಹಿಂಗ ಸಾರು."

"ಖರೇ ಅಡ್ಡಿ ಇಲ್ಲೇನ್ರಿ ರಾಯರ?"

"ನೀ ಸರ್ಕಾರದ ಬಾಯಿ. ಬಾಯಿ ಪ್ರಶ್ನೆ ಕೇಳೂದಿಲ್ಲ."

ಬೀಡಿ ಎಂಬ ಹಳ್ಳಿಯಲ್ಲಿ ಹಲಗೆ ಬಡಿದಾಗ ಕುರುಬರ ಕರೆಪ್ಪ ಎದುರಿಗೆ ಬಂದ. ಸಾತಪ್ಪನ ಜೊತೆ ಆಡಿ ಬೆಳೆದವನು.

"ಜಂಗಲ್ದಾಗಿನ ಹಟ್ಟಿ ಕಿತಗೊಂಡು ಬ್ಯಾರೆ ಕಡೆ ಹೋಗೂಣು ಅಂತ ಮಾಡಿದ್ವಿ. ಬ್ಯಾಡ ಅಂತೀಯೇನೋ?"

"ಬ್ಯಾಡೋ. ಸರ್ಕಾರದ ಮಾತೈತಿ."

ಸರ್ಕಾರವನ್ನಲ್ಲ, ಸಾತಪ್ಪನನ್ನು ನಂಬಿ ಕರೆಪ್ಪ ಉಳಿದ.

ಮರುವಾರ ಮುಂಜಾನೆ ಕಾವಲಿನವರು ಬಂದೂಕು ಹಿಡಿದು ಬಂದರು. ಹಟ್ಟಿಗೆ ಬೆಂಕಿ ಇಟ್ಟರು. ತಡಿಕೆಯೊಳಗಿನ ಕುರಿಗಳು ಕಿರುಚುತ್ತ ಬೆಂದವು. ತಡಿಕೆ ತೆರೆಯಲು ಓಡಿದ ಕರೆಪ್ಪನ ತಲೆಗೆ ಬಂದೂಕಿನ ಹಿಡಿ ಬಿತ್ತು. ಬಿದ್ದವನನ್ನೂ ಬಿಡಲಿಲ್ಲ. ಉಸಿರು ನಿಲ್ಲುವ ತನಕ ಬಡಿದರು.

ಸುದ್ದಿ ಕೇಳಿ ಓಡಿಬಂದ ಸಾತಪ್ಪನ ಕೂದಲನ್ನು ಕರೆಪ್ಪನ ಹೆಂಡತಿ ಕಾಶವ್ವ ಹಿಡಿದಳು.

"ಹೊಂಟಿದ್ದ ನನ್ನ ಗಂಡನ್ನ ಯಾಕ ನಿಂದರಿಸಿದಿ? ಯಾಕ?"

ಕಲ್ಲು ತೆಗೆದುಕೊಂಡು ಅವನ ಹಣೆಗೆ ಜಜ್ಜಿದಳು. ಸಾತಪ್ಪ ಕೈ ಅಡ್ಡ ಹಿಡಿಯಲಿಲ್ಲ.

ಅದೇ ಗಾಯದಲ್ಲಿ ಬೆಳಗಾವಿಗೆ, ರಾಯರ ಮನೆಗೆ ನಡೆದ. ದಿಗಂಬರರಾಯ ಹೊಸ ಕೋಟು ತೊಟ್ಟು ಕನ್ನಡಿ ನೋಡಿಕೊಳ್ಳುತ್ತಿದ್ದ.

"ಹಟ್ಟಿ ಸುಡೂದು ನಿಮಗ ಮೊದಲ ಗೊತ್ತಿತ್ತೇನ್ರಿ?"

"ಜಂಗಲ್ ಖಾಲಿ ಮಾಡಸೂದು ಗೊತ್ತಿತ್ತು. ಖರೇ ಹೇಳಿದ್ರ ಜನ ಒಟ್ಟಾಗ್ತಿದ್ರು. ಗದ್ದಲ ಆಗಲಿಲ್ಲ ಅಂತ ಸಾಹೇಬರು ಖುಷಿ ಆಗ್ಯಾರ. ನನಗ ಬಡ್ತಿ ಬಂತು. ನಿನಗೂ ಕಾಯಂ ನೌಕರಿ ಕೊಡಸ್ತೀನಿ. ಸಂತಿ ದಿನ ಸಾಹೇಬರ ಮುಂದ ಸಾರು, ಕರೆಪ್ಪ ಕುಡದು ಬಿದ್ದು ಸತ್ತ ಅಂತ."

ಸಾತಪ್ಪ ಅವನ ಮುಖವನ್ನೇ ನೋಡಿದ.

"ಸಾರತೀನ್ರಿ," ಅಂದ.

ಖಾನಾಪುರದ ಸಂತೆ ತುಂಬಿತ್ತು. ಸಾಹೇಬರು ಕುರ್ಚಿಯಲ್ಲಿ, ಪಕ್ಕದಲ್ಲಿ ದಿಗಂಬರರಾಯ. ಸಾತಪ್ಪ ಹಲಗೆ ಬಡಿದ.

"ಕೇಳ್ರೆಪೋ ಕೇಳ್ರಿ! ಕರೆಪ್ಪನ್ನ ಕಾವಲಿನವರು ಬಡದು ಕೊಂದಾರ! ಈ ದಿಗಂಬರರಾಯ ನನ್ನ ಬಾಯಿಲೆ ಸುಳ್ಳು ಹೇಳಿಸ್ಯಾನ!"

"ಬಾಯಿ ಮುಚ್ಚಸ್ರಿ ಅವಂದು!" ದಿಗಂಬರರಾಯ ಚೀರಿದ.

ಕಾವಲಿನವನ ಲಾಠಿ ಸೀದಾ ಬಾಯಿಗೇ ಬಿತ್ತು. ಹಲ್ಲು ಉದುರಿದವು. ಸಾತಪ್ಪ ಮತ್ತೆ ಎದ್ದು ಕೂಗಿದ. ಮತ್ತೆ ಬಿತ್ತು. ದವಡೆ ಮುರಿದು ಜೋತಾಡಿತು. ಮಾತು ಹೋಗಿ ಬರೀ ಊಳಿಡುವ ಸದ್ದು ಉಳಿಯಿತು. ಆದರೂ ಅವನು ನಿಲ್ಲಿಸಲಿಲ್ಲ.

ಸಂತೆಯವರು ಅಲುಗಾಡದೆ ನೋಡಿದರು. ಆಮೇಲೆ ಯಾರೋ ಒಂದು ಕಲ್ಲು ಒಗೆದರು. ಮತ್ತೊಂದು ಬಂತು. ಸಾಹೇಬರ ಕುರ್ಚಿ ಮಗುಚಿತು. ಬಂದೂಕು ಹಾರಿದ ಮೇಲೆಯೇ ಜನ ಚೆದುರಿದರು.

ಗಲಭೆ ಎಬ್ಬಿಸಿದನೆಂದು ಸಾತಪ್ಪನನ್ನು ಹಿಂಡಲಗಾ ಜೈಲಿಗೆ ಹಾಕಿದರು. ದಿಗಂಬರರಾಯ ಪುಣೆಗೆ ಹೋದ, ಇನ್ನೂ ದೊಡ್ಡ ನೌಕರಿಗೆ.

ಮಳೆಗಾಲ ಕಳೆದ ಮೇಲೆ ಹೊಸ ಡಂಗುರದವನು ಬೀಡಿಗೆ ಬಂದ. ಹಲಗೆಗೆ ಕೋಲು ತಾಗಿಸುವಷ್ಟರಲ್ಲಿ ಊರವರು ಸುತ್ತುವರಿದರು. ಕೆಲವರ ಕೈಯಲ್ಲಿ ಕೊಡಲಿ ಇತ್ತು. ಕಾಶವ್ವ ಮುಂದೆ ಬಂದಳು.

"ಮೊದಲ ಕರೆಪ್ಪನ್ನ ಕೊಂದವರು ಯಾರು, ಅದನ್ನ ಸಾರು. ಆಮ್ಯಾಲ ನಿನ್ನ ಸರ್ಕಾರದ ಮಾತು."

ಅವನು ಸುತ್ತ ನೋಡಿದ. ತಗ್ಗಿದ ದನಿಯಲ್ಲಿ ಶುರು ಮಾಡಿದ.

"ಗಟ್ಟಿ ಕೂಗೋ," ಅಂದಳು ಕಾಶವ್ವ. "ಖಾನಾಪುರಕ್ಕ ಕೇಳಬೇಕು."