ಹೊರಗಿನ ಮೂರು ದಿನ

ಸಾಸಿವೆ ಸಿಡಿಯಿತು, ಇನ್ನು ಇವರು ಬೆಂಕಿ ಸಣ್ಣ ಮಾಡಬೇಕು, ಮಾಡಲಿಲ್ಲ, ಕರಿಬೇವು ಕಪ್ಪಾದ ವಾಸನೆ ಜಗಲಿ ಪಕ್ಕದ ಈ ಕೋಣೆಯವರೆಗೂ ಬಂತು — ಬರಲಿ, ನಾನು ಏಳಬೇಕಾಗಿಲ್ಲ, ಮುಟ್ಟಾಗಿ ಹೊರಗೆ ಕೂತವಳು ಅಡಿಗೆಮನೆ ಮೆಟ್ಟುವಂತಿಲ್ಲ, ಮೂರು ದಿನ ಚಾಪೆ, ದಿಂಬು, ಹೊನ್ನಾವರದ ಲೈಬ್ರರಿಯಿಂದ ತಂದ ದಪ್ಪ ಕಾದಂಬರಿ, ನೂರ ಹನ್ನೆರಡನೆಯ ಪುಟ. ಒಳಗೆ ಅತ್ತೆಯ ದನಿ, ತಮಾ, ಇದು ಸಾರನೋ ಪಾಯಸನೋ, ಬೆಲ್ಲದ ಡಬ್ಬಿಯನ್ನೇ ಮಗುಚಿದ್ಯನೋ, ಇವರು ನಗುತ್ತಾರೆ — ಮದುವೆಯಾಗಿ ಮೂವತ್ತೊಂದು ವರ್ಷ, ತಿಂಗಳಿಗೆ ಮೂರು ದಿನ ಇವರು ಒಲೆ ಹಚ್ಚಿದ್ದಾರೆ, ಮಗ ಸುಹಾಸ ಕೂಸಾಗಿದ್ದಾಗ ಎಣ್ಣೆ ಹಚ್ಚಿ ಮೀಯಿಸಿದ್ದಾರೆ, ನಾಲ್ಕನೆಯ ದಿನ ನಾನು ಮಿಂದು ಒಳಗೆ ಬಂದ ಕೂಡಲೇ ಒಲೆ, ತೊಟ್ಟಿಲು ಎರಡನ್ನೂ ಮರೆತವರಂತೆ ಪೇಪರು ಹಿಡಿದು ಕೂತಿದ್ದಾರೆ. ಬಿ.ಎ. ಆದವಳಿಗೆ ಹೈಸ್ಕೂಲಿನಿಂದ ಕೆಲಸದ ಕಾಗದ ಬಂದಿತ್ತು, ಬೇಡವೆಂದು ಮಾವ ಬರೆದು ಹಾಕಿದ ಮೇಲೆ ನನಗೆ ತಿಳಿಯಿತು, ಈಗ ಸಿಟ್ಟಿಲ್ಲ, ಈ ಮೂರು ದಿನ ಇತ್ತಲ್ಲ — ಇತ್ತು. ಮುಟ್ಟು ನಿಂತು ಏಳು ತಿಂಗಳಾಯಿತು. ಯಾರಿಗೂ ಹೇಳಿಲ್ಲ, ಹೇಳಿದರೆ ಮೂವತ್ತು ದಿನವೂ ಅಡಿಗೆಮನೆ, ಅದಕ್ಕೇ ತಿಂಗಳು ತಿಂಗಳೂ ಸುಳ್ಳು ಹೇಳಿ ಹೊರಗೆ ಕೂರುತ್ತೇನೆ, ಐವತ್ತೆರಡರ ಹೆಂಗಸು, ನಾಚಿಕೆಯಾಗುತ್ತದೆ, ಪುಟ ತಿರುಗಿಸಿದರೆ ನಾಚಿಕೆ ಹೋಗುತ್ತದೆ. ಈ ಸಲ ಮಾತ್ರ ತಪ್ಪಿದೆ, ಪುಸ್ತಕದ ಆಸೆಗೆ ಹತ್ತು ದಿನ ಮೊದಲೇ ಕೂತೆ, ಬೆಳಿಗ್ಗೆ ಅತ್ತೆ ಪಂಚಾಂಗ ನೋಡಿದರು, ಇದೆಂತದೇ, ಮೊನ್ನೆ ಮೊನ್ನೆ ಮಿಂದಿದ್ದೆಯಲೇ, ನಂಗೆ ನಲವತ್ತೈದಕ್ಕೇ ನಿಂತಿತ್ತಪ — ನನಗಿಂತ ಮೊದಲು ಇವರೇ ಹೇಳಿದರು, ಈ ವಯಸ್ಸಲ್ಲಿ ಹಂಗೆಲ್ಲ ಆಗ್ತಡ ಆಯಿ, ಡಾಕ್ಟ್ರು ಹೇಳಿದ್ರು — ಯಾವ ಡಾಕ್ಟರು, ನಾವು ಯಾರ ಹತ್ತಿರವೂ ಹೋಗಿಲ್ಲವಲ್ಲ.

ಹೊಸ ರೈಲು ಕೂಗುತ್ತ ಹೊನ್ನಾವರದ ಕಡೆ ಹೋಯಿತು, ಇವರ ಹೆಜ್ಜೆ, ಕೈಯಲ್ಲಿ ಗಂಜಿಯ ಬಟ್ಟಲು, ಪ್ರತಿ ಸಲ ಹೊಸಿಲಾಚೆ ಇಟ್ಟು ಹಿಂದೆ ಸರಿಯುವವರು ಇವತ್ತು ಇಡಲಿಲ್ಲ, ಅಡಿಗೆಮನೆಯತ್ತ ಒಮ್ಮೆ ನೋಡಿ, ಹೊಸಿಲು ದಾಟಿ, ತಗ, ಎಂದು ಕೈಗೇ ಕೊಟ್ಟರು, ಬೆರಳಿಗೆ ಬೆರಳು ತಾಗಿತು, ಎಳೆದುಕೊಳ್ಳಲಿಲ್ಲ, ತೆಂಗಿನ ತುರಿ ಅಂಟಿದ ಬೆರಳು. ದನಿ ತಗ್ಗಿಸಿ ಹೇಳಿದರು, ಗೊತ್ತಿದ್ದು ನಂಗೆ, ಮೊದಲನೇ ತಿಂಗಳಿಂದ್ಲೇ ಗೊತ್ತಿದ್ದು, ಮುಂದಿನ ಸಲ ನಾಲ್ಕು ದಿನ ಕೂತ್ಗ. ಮೂವತ್ತೊಂದು ವರ್ಷ ಕೇಳದ್ದನ್ನು ಕೇಳಿಬಿಟ್ಟೆ, ಆನು ಹೊರಗೆ ಕೂರದೇ ಇದ್ರೂ ನೀವು ಒಲೆ ಹಚ್ಚಲಾಗ್ದಾ? ಇವರು ಬಾಗಿಲು ನೋಡಿದರು, ನನ್ನನ್ನು ನೋಡಿದರು, ಒಳಗಿಂದ ಅತ್ತೆ, ತಮಾ, ಹಾಲು ಉಕ್ತಲೋ, ಇವರು, ಬತ್ತೆ ಆಯಿ, ಆನೇ ನೋಡ್ತೆ — ಹೋದರು. ಗಂಜಿಗೆ ಉಪ್ಪು ಹದವಾಗಿದೆ, ಪುಸ್ತಕ ತೆರೆದೇ ಇದೆ, ನೂರ ಹನ್ನೆರಡು, ಓದಲು ಹೋದರೆ ಸಾಲಿನ ಮೇಲೆ ಬೆರಳು, ಮುಂದಿನ ಸಾಲಿನ ಮೇಲೂ — ತುರಿ ಅಂಟಿದ, ಎಳೆದುಕೊಳ್ಳದ, ಆ ಬೆರಳು