ಅಕ್ಕನ ಕೈಗೆ ಬೇರೆ ರೇಟು

ಏಳನೇ ಹಾಳೆಯಲ್ಲೂ ಕೈ ಇಲ್ಲ, ಬಣ್ಣ ಆರಲೆಂದು ಹಗ್ಗಕ್ಕೆ ನೇತುಹಾಕಿದ, ಫ್ಯಾನಿನ ಗಾಳಿಗೆ ತೊನೆಯುತ್ತಿರುವ ಏಳನೇ ಚಿತ್ರ, ಅದರಲ್ಲಿ ಅಕ್ಕ ನಿಂತಿದ್ದಾಳೆ, ಮೂಗು ಅವಳದೇ, ಜಡೆ ಅವಳದೇ, ಕೈ ಮಾತ್ರ ಬೆನ್ನ ಹಿಂದೆ, ಆರರಲ್ಲೂ ಬೆನ್ನ ಹಿಂದೆ, ಐದರಲ್ಲಿ ಗೋಡೆ ಅಡ್ಡ, ನಾಲ್ಕರಲ್ಲಿ ಆನೆ ಅಡ್ಡ, ಅಲ್ಲಯ್ಯ, ನನ್ನ ಕಥೆಯಲ್ಲಿ ಆನೆಯೇ ಇಲ್ಲವಲ್ಲ, ಇಲ್ಲ ಸಾರ್, ಆದ್ರೆ ಆನೆ ಹಿಂದೆ ಎರಡು ಕೈ ಆರಾಮಾಗಿ ಅಡಗ್ತವೆ — ಅಂಗಡಿ ಬೋರ್ಡು ಬರೆಯುವವನು ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಂಡು ನಗುತ್ತಾನೆ, ಮೊದಲೇ ಹೇಳಿದ್ನಲ್ಲ ಸಾರ್, ಅಕ್ಷರ ಕೇಳಿ, ಟೈರು ಕೇಳಿ, ಹುಲಿ ಮೀಸೆ ಕೇಳಿ, ಕೈ ಮಾತ್ರ ನನ್ನ ಕೈಲಾಗಲ್ಲ, ಒಂದೊಂದು ಕೈಗೆ ಹದಿನಾಲ್ಕು ಗೆಣ್ಣು. ಹೇಳಿದ್ದ, ಸುಳ್ಳಲ್ಲ, ನಾನೇ ಹ್ಞೂಂ ಅಂದಿದ್ದೆ, ಕೈಗೆಟುಕುವ ದರಕ್ಕೆ ಸಿಕ್ಕವನು ಇವನೊಬ್ಬ, ಡಿಪ್ಲೊಮಾ ಮಾಡಿದ ಕಲಾವಿದೆ ಏನಂದಿದ್ದಳು, ನಿಂತ ಮನುಷ್ಯರಿಗೆ ಒಂದು ರೇಟು, ಕೈಯಾಡಿಸೋರಿಗೆ ಡಬಲ್, ನಿಮ್ಮ ಅಕ್ಕ ಎಲ್ಲಾ ಪುಟದಲ್ಲೂ ಕೈಯಾಡಿಸ್ತಾರಲ್ಲ, ಆಡಿಸದೆ ಏನು ಮಾಡ್ತಾಳಮ್ಮ, ಅವಳಿಗೆ ಮಾತು ಬರಲ್ಲ, ಕಿವಿ ಕೇಳಲ್ಲ, ಅವ್ವ ಹೋದಮೇಲೆ ನನ್ನನ್ನು ಮಲಗಿಸಿದ್ದೇ ಆ ಕೈ, ಎರಡು ಬೆರಳು ಮೊಲ, ಮೊಣಕೈವರೆಗೂ ನದಿ, ಮುಷ್ಟಿ ಬಿಚ್ಚಿದರೆ ಚಂದ್ರ — ಹದಿನಾರು ಕಥೆ, ಹದಿನಾರು ಪುಟ, ಮಾತಾಡದ ನಾಯಕಿ ಯಾರಿಗೆ ಬೇಕ್ರೀ ಎಂದು ಪ್ರಕಾಶಕರೆಲ್ಲ ಕೈತೊಳೆದುಕೊಂಡ ಪುಸ್ತಕ, ಹಗಲೆಲ್ಲ ಪ್ರೆಸ್ಸಿನಲ್ಲಿ ಊರವರ ಕಾಗುಣಿತ ತಿದ್ದುವ ನಾನು ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸುವ ಪುಸ್ತಕ, ಪಕ್ಕದ ಮೇಜಿನವನ ಕಂಪ್ಯೂಟರು ಪುಕ್ಕಟೆಯಾಗಿ, ನಿಮಿಷದಲ್ಲಿ, ತಾನೇ ಚಿತ್ರ ಬರೆದು ಕೈಗೆ ಆರಾರು ಬೆರಳು ಕೊಟ್ಟಿತ್ತು, ಅಕ್ಕ ಎಣಿಸಿ, ತನ್ನ ಐದನ್ನು ಎತ್ತಿ ಹಿಡಿದು, ಒಂದನ್ನು ಯಾರ ಹತ್ತಿರ ಕೈಸಾಲ ತಂದೆಯೋ ಎಂದು ಹುಬ್ಬಿನಲ್ಲೇ ಕೇಳಿ ನಕ್ಕಿದ್ದಳು.

ಈಗ ನಗುತ್ತಿಲ್ಲ, ಹಗ್ಗದ ಉದ್ದಕ್ಕೂ ನಡೆಯುತ್ತಿದ್ದಾಳೆ, ಎಂಟು, ಒಂಬತ್ತು, ನಾನೂ ಬರ್ತೀನಿ, ನನ್ನ ಪುಸ್ತಕ ನಾನು ನೋಡಬೇಡವೇ ಎಂದು ಕೈಯಾಡಿಸಿ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತವಳು, ನೋಡದಿದ್ದರೆ ಚೆನ್ನಾಗಿತ್ತು, ಓಕೆ ಅಂದುಬಿಡಬೇಕು, ನಾಳೆ ಮಿಷಿನ್ ಖಾಲಿ, ನಾಳೆ ಬಿಟ್ರೆ ಮೂರು ತಿಂಗಳು ಚುನಾವಣೆ ಪೋಸ್ಟರು ಕಣಯ್ಯ, ಆಮೇಲೆ ನನ್ನ ಕೇಳ್ಬೇಡ, ಪ್ರೆಸ್ ಯಜಮಾನರು ಹೇಳಿದ್ದಾರೆ, ಮಕ್ಕಳು ಕಥೆ ಓದುತ್ತಾರೆ, ಕೈ ಯಾರು ಹುಡುಕುತ್ತಾರೆ, ಹತ್ತು, ಹನ್ನೊಂದು, ಅಕ್ಕ ಹನ್ನೆರಡರ ಮುಂದೆ ಯಾಕೆ ನಿಂತಳು, ಅಲ್ಲಿ ಹುಡುಗಿ ಅಕ್ಕ, ಜಡೆಗೆ ಕೆಂಪು ಟೇಪು, ಕೈ ಬೆನ್ನ ಹಿಂದೆ — ಅಯ್ಯೋ ದೇವರೇ, ಶಾಲೆ, ನನಗೆ ಹೊಳೆಯಲೇ ಇಲ್ಲವಲ್ಲ, ಮಾತು ಕಲಿಸುವ ಆ ಶಾಲೆ, ಕೈ ಸುಮ್ಮನಿದ್ದರೆ ನಾಲಿಗೆ ಏಳುತ್ತೆ ಎಂದು ನಂಬಿದ್ದ ಟೀಚರಮ್ಮ ಅವಳ ಜಡೆಯ ಟೇಪನ್ನೇ ಬಿಚ್ಚಿ ಎರಡು ಮಣಿಕಟ್ಟೂ ಹಿಂದಕ್ಕೆ ಕಟ್ಟುತ್ತಿದ್ದರಂತೆ, ಎರಡು ವರ್ಷ, ದಿನವೂ, ಅವ್ವ ಇದ್ದಾಗ ಹೇಳಿದ್ದಳು, ಅಕ್ಕ ಮಾತ್ರ ಆ ಕಥೆಯನ್ನು ಯಾವತ್ತೂ ಹೇಳಿದವಳಲ್ಲ, ಹದಿನಾರು ಕಥೆಯಲ್ಲಿ ಅದಿಲ್ಲ, ಹದಿನಾರು ಚಿತ್ರದಲ್ಲೂ ಅದೇ ಇದೆ, ನಾನೇ ಕಟ್ಟಿಸಿದ್ದೇನೆ, ಚೌಕಾಸಿ ಮಾಡಿ ಕಟ್ಟಿಸಿದ್ದೇನೆ, ಏನ್ ಸಾರ್, ಓಕೆನಾ, ಜೇಬಿನಲ್ಲಿ ನೋಟು ಬೆವರುತ್ತಿದೆ, ಅಕ್ಕ ಕೊನೆಯ ಹಾಳೆಯಿಂದ ತಿರುಗುತ್ತಾಳೆ, ಬೈಯೇ ಅಕ್ಕಾ, ಏನಾದರೂ ಬೈದುಬಿಡೇ — ಅವಳ ಕೈಗಳು ಎದೆಯವರೆಗೆ ಏಳುತ್ತವೆ, ನಿಲ್ಲುತ್ತವೆ, ಮೆಲ್ಲಗೆ ಹಿಂದಕ್ಕೆ ಹೋಗುತ್ತವೆ, ಗಲ್ಲ ಎತ್ತಿ, ಕಾಲು ಜೋಡಿಸಿ, ಆ ಶಾಲೆಯ ಎಂಟು ವರ್ಷದವಳ ಹಾಗೆ, ಬೋರ್ಡು ಬರೆಯುವವನು ಚಪ್ಪಾಳೆ ತಟ್ಟುತ್ತಾನೆ, ನೋಡಿ ಸಾರ್, ಥೇಟ್ ಅಕ್ಕಾವ್ರೇ, ಒಂಚೂರೂ ಆಚೀಚೆ ಇಲ್ಲ — ನಾಳೆ, ಮಿಷಿನ್, ಮೂರು ತಿಂಗಳು, ಹಾಳೆ ಕಳಚಬೇಕು, ಒಂದೊಂದೇ, ಅಚ್ಚು ಬೇಡ ಅನ್ನಬೇಕು, ಅಕ್ಕನಿಗೆ ಹೇಳಬೇಕು, ಯಾವ ಕೈಯಲ್ಲಿ ಹೇಳಲಿ, ಏನಂತ — ಬೆನ್ನ ಹಿಂದೆ ಎರಡು ಕೈ, ಬೆನ್ನ ಹಿಂದೆ, ಎರಡು ಕೈ